ಒಂದಕ್ಕೆ ಒಂದೂವರೆ

ಹೆಸರು ಮೆತ್ತೆ ಅಂದಾಗ
ಈರಕ್ಯಾತಮ್ಮನಿಗೆ ನಗು ತಡೆಯಲಾಗಲಿಲ್ಲ.
'ಅಷ್ಟು ದೂರದಿಂದ ಬಂದ ಮೆತ್ತೇನ
ಚಾಪೆ ಮೇಲೆ ಕೂರಿಸಿದ್ದೀಯಲ್ಲಪ್ಪ!'

ಅರ್ಥ ಹೇಳಿದೆ. ಡೆನ್ಮಾರ್ಕಿನ ಹುಡುಗಿಯೂ ನಕ್ಕಳು.
ನಾನು ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿ ಬರೆಯುವವನು,
ಆ ದಿನ ದುಭಾಷಿ ಕೂಡ.
ಕಂಕುಳಲ್ಲಿ ಹನ್ನೆರಡು ಪುಟದ ಕರಾರು.

ಮಿಡಿಗೇಶಿಯಿಂದ ಮೂರು ಮೈಲಿ,
ಹುಣಸೆತೋಪಿನ ಮಬ್ಬು ನೆರಳು.
ಬೇರೆ ಪೈರು ಬಿಳಿಚಿಕೊಳ್ಳುವಲ್ಲಿ
ಕೊರಲೆ ಮಾತ್ರ ಮೊಣಕಾಲೆತ್ತರ, ಏನೂ ಆಗದವರ ಹಾಗೆ.
ಆ ಗುಟ್ಟು ಬೇಕು ಮೆತ್ತೆಯ ಲ್ಯಾಬಿಗೆ.
ಅವರಲ್ಲಿ ಬಿಸಿಲೇ ಕಡಿಮೆಯಂತೆ.

'ತಳಿಯ ಒಡೆಯರು' ಎಂಬ ಕಾಲಂ
ಒಂದಂಗುಲ ಅಗಲ.
ಅಜ್ಜಿ ಹೇಳುತ್ತ ಹೋದಳು. ನಮ್ಮತ್ತೆ ಸಣ್ಣಮಾರಕ್ಕ,
ಅವಳ ತವರಿನ ಮಡಿಲಕ್ಕಿಯ ಜೊತೆ ಬಂದದ್ದು,
ಅದು ಮುಗಿದ ವರ್ಷ
ಹಟ್ಟಿಯ ಕಾಟಮ್ಮ ಕೊಟ್ಟ ಒಂದು ಪಾವು,
ಇರುವೆಗೂಡಿನ ಬಾಯಲ್ಲಿ ಬಳಿದುಕೊಂಡ ಒಂದು ಹಿಡಿ...
'ಇರುವೆ ಹೆಸ್ರೂ ಬರ್ಕೋ.'

ಬರೆದೆ. ಶಾಯಿ ಗೆರೆ ದಾಟಿ
ಪಕ್ಕದ ಕಾಲಮ್ಮಿಗೆ ಹೋಯಿತು.

ಹಿಂದೊಬ್ಬ ಬಂದಿದ್ದನಂತೆ, ಜೀಪಿನಲ್ಲಿ.
ಎರಡು ಸೇರು ಒಯ್ದ. ರಸೀದಿಯಿಲ್ಲ, ಸುದ್ದಿಯಿಲ್ಲ.
ಈಗಲೂ ಜೀಪಿನ ಸದ್ದಾದರೆ
ಅಜ್ಜಿ ಬಾಗಿಲಿಗೆ ಬರುತ್ತಾಳೆ.

ಕರಾರು ಓದಿದೆ. ಲಾಭಾಂಶ, ಪೂರ್ವಾನುಮತಿ, ಬೌದ್ಧಿಕ ಸ್ವತ್ತು,
ಕನ್ನಡದಲ್ಲೇ ಇದ್ದರೂ ನನ್ನ ನಾಲಗೆಗೇ ಮುಳ್ಳು.
ಅಜ್ಜಿ ಎಲೆಯಡಿಕೆಯನ್ನು ಆ ದವಡೆಗೆ ಸರಿಸಿದಳು.

'ನಮ್ದು ಮೂರೇ ಮಾತು.
ಬಿತ್ತಕ್ಕೆ ಒಯ್ದೋರು ಒಂದಕ್ಕೆ ಒಂದೂವರೆ ತರಬೇಕು.
ಬೀಜಕ್ಕೆ ಅಂತ ಒಯ್ದಿದ್ದನ್ನ ಹುರಿದು ತಿನ್ನಬಾರದು.
ಯಾರಾದ್ರೂ ಕೇಳಿದ್ರೆ ಇಲ್ಲ ಅನ್ನಬಾರದು,
ನಾಳೆ ನಾನೇ ಬಂದು ಕೇಳಿದ್ರೂ.'

ಮೂರನೆಯದಕ್ಕೆ ಮೆತ್ತೆಯ ಪೆನ್ನು ನಿಂತಿತು.
ತೋಪಿನ ಕಡೆ ನೋಡಿದಳು, ಬಹಳ ಹೊತ್ತು.
ಆಮೇಲೆ ಕರಾರಿನ ಅಂಚಿನಲ್ಲಿ ಮೂರನ್ನೂ ಬರೆದು
ಕೆಳಗೆ ಸಹಿ ಹಾಕಿದಳು.

ನಾಲ್ಕು ತಿಂಗಳಿಗೆ ಅವರ ವಕೀಲರ ಪತ್ರ.
ಎರಡನೆಯದಕ್ಕೆ ಒಪ್ಪಿಗೆ. ಮೂರನೆಯದು ಪರಿಶೀಲನೆಯಲ್ಲಿ.
ಮೊದಲನೆಯದಕ್ಕೆ ಸ್ಪಷ್ಟನೆ ಬೇಕು,
ಸೇರು ಎಂದರೆ ಎಷ್ಟು ಗ್ರಾಂ?

ತಕ್ಕಡಿ ಹೊತ್ತು ಹೋದೆ.
ಅಜ್ಜಿ ವಾಡೆಯಿಂದ ಬೂದಿ ಬೆರೆಸಿದ ಕೊರಲೆ ತೆಗೆದು
ಸೇರಿಗೆ ಸುರಿದಳು, ಕಂಠ ದಾಟಿ ಗೋಪುರವಾಗಿ
ಸುತ್ತ ಉದುರುವ ತನಕ.
ಲೆಕ್ಕ ಸರಿಯಾಗಿರಲಿ ಎಂದು
ಅಂಗೈಯಿಂದ ಸವರಲು ಹೋದೆ.
ಕೈ ಮೇಲೆ ಪಟ್ಟನೆ ಏಟು.

'ಹಿಂಗೇ ಕೊಟ್ಟಿದ್ದೀನಿ.
ಹಿಂಗೇ ಬರ್ಕೋ.'