ಇತರ

ಉಮದಿ ದಾಟಿ ಹನ್ನೊಂದು ಕಿಲೋಮೀಟರ್.
ಎರಡು ಖೋಲಿ, ಒಂದು ಮಂಚ,
ಸೈಕಲ್ ಅಂಗಡ್ಯಾಗ ತ್ಯಾಪಿ ಹಚ್ಚಿಸಿದ ಬಿಪಿ ಪಟ್ಟಿ.
ಡಾಕ್ಟರು ಸಾಂಗಲ್ಯಾಗ ಅದಾರ,
ಇಲ್ಲಿ ಟ್ಯಾಬಿನೊಳಗ ಬರತಾರ,
ರೇಂಜ್ ಇದ್ದ ದಿನ.

ಅಮಸಿದ್ಧ ಮುತ್ಯಾ ಬೆವತು ಬಂದ.
ಕಂಬಳಿ ಮಡಚಿ ತೊಡಿ ಮ್ಯಾಲ ಇಟಗೊಂಡು
"ಎದ್ಯಾಗ ಯಾರೋ ಉಣ್ಣೆ ಹಿಂಜಿದಂಗ ಆಗತದವ್ವಾ" ಅಂದ.

"ಕಾಯ್ ಮ್ಹಣತೋ?" ಅಂದ್ರು ಸಾಹೇಬ್ರು.
ಉಣ್ಣೆಗೆ ಮರಾಠಿ ನನಗ ಬರತದ,
ಹಿಂಜೂದಕ್ಕ ನಾಲಿಗಿ ತಡವರಿಸಿತು.
ಬಟನ್ ನಾಕ: ದುಖಣೆ, ಜಳಜಳ, ದಡಪಣ, ಇತರ.
ಆ ನಾಕರಾಗ ಎರಡೂ ಭಾಷಿಗೆ ಒಂದೇ ಆದದ್ದು
ಕಡೀದೊಂದ. ಒತ್ತಿದೆ.
ಸಾಹೇಬ್ರ ಮುಖ ಚೌಕ ಚೌಕಾಗಿ ಒಡದು
ಬಾಯಿ ತೆರದಲ್ಲೇ ನಿಂತಿತು.

ನಾಡಿ ಹಿಡದೆ.
ಒಂದು. ಎರಡು. ಮೂರನೇದು ತಡದು ಬಂತು,
ಅದರ ಮುಂದಿಂದು ಓಡಿ ಬಂತು.
ಕಪಾಟಿನಾಗಿನ ಆ ಗುಳಿಗಿ ಹೆಸರು ನನಗ ಗೊತ್ತದ,
ಎಕ್ಸ್‌ಪೈರಿ ತಾರೀಖು, ಎಷ್ಟು ಉಳದಾವ ಅನ್ನೂದು, ಎಲ್ಲಾ.
ಅಪ್ಪಣಿ ಇಲ್ಲದ ಕೊಡಬಾರದು ಅನ್ನೂದನ್ನೂ
ಅದೇ ಕಪಾಟಿಗೆ ಅಂಟಿಸ್ಯಾರ.

"ಅಗದು ತಿನ್ನು, ಮುತ್ಯಾ. ಹಂಗ ನುಂಗಬ್ಯಾಡ."
ಹನ್ನೊಂದೂ ನಲವತ್ತು.
ಅಂಗೈ ಮ್ಯಾಲ ಬರಕೊಂಡೆ,
ನಾಳೆ ಯಾರರೆ ಕೇಳಿದ್ರ ತೋರಸಾಕ.

ಜತ್ತಿನಿಂದ ಗಾಡಿ ಬರೂ ತನಕ
ಅಂವ ಕಳಕೊಂಡ ಒಂದು ಟಗರಿನ ಕತಿ ಹೇಳಿದ.
ನಾಡಿ ಬಿಡದ ಕೇಳಿದೆ.
ಹತ್ತೂ ಮುಂದ ಕಂಬಳಿ ನನ್ನ ಕೈಯಾಗ ಇಟ್ಟ:
"ಇಲ್ಲೇ ಇರ್ಲಿ. ತಿರಗಿ ಬರಾಕ ಒಂದು ನೆವ ಬೇಕಲ್ಲ."

ರಿಜಿಸ್ಟರ್ ತೆರದು ಕುಂತೀನಿ.
ಖೋಲಿ ತುಂಬ ಕುರಿ ವಾಸನಿ.
ಅಂಗೈ ಇನ್ನೂ ತೊಳದಿಲ್ಲ.