ಅಳತೆ ಬ್ಲೌಸಿಲ್ಲದ ಹೊಲಿಗೆ

ಅರಸೀಕೆರೆ, ಸ್ಟೇಷನ್ ಹಿಂದಿನ ಸಂದಿ, ನನ್ನ ಅಂಗಡಿ.
ಸಿಸ್ಟರ್ ಹೇಮಾಕ್ಷಿ ಶಟರು ಅರ್ಧ ಇಳಿಸಿ
ಕಟಿಂಗ್ ಮೇಜಿನ ಮೇಲೆ ಚಾರ್ಟು ಬಿಡಿಸಿದಳು.
ಅಂಗನವಾಡಿಯವರ ತರಬೇತಿಗಂತೆ,
ಬಟ್ಟೆಯಲ್ಲೊಂದು ಗರ್ಭಕೋಶ ಬೇಕಂತೆ.
ಪ್ಲಾಸ್ಟಿಕ್ಕಿನದಕ್ಕೆ ಎರಡು ಸಾವಿರ,
"ಚೆನ್ನಾಜಮ್ಮ, ನೀನು ಇನ್ನೂರಕ್ಕೆ ಮಾಡ್ಕೊಡು."

ಬಾಣಂತಿಗೆ ಮುಂದೆ ಹುಕ್ಕು,
ಗೂನುಬೆನ್ನಿನ ಮೇಷ್ಟ್ರ ಹೆಂಡತಿಗೆ
ಒಂದು ಭುಜ ಮೇಲೆ ಒಂದು ಭುಜ ಕೆಳಗೆ,
ಇಪ್ಪತ್ತೆರಡು ವರ್ಷ ಹೊಲಿದಿದ್ದೇನೆ.
ಎಲ್ಲರೂ ಒಂದು ಅಳತೆ ಬ್ಲೌಸ್ ತರುತ್ತಾರೆ.
ಇದಕ್ಕೆ?

ಸಿಸ್ಟರ್ ಓದಿದಳು:
ಉದ್ದ ಮೂರಿಂಚು. ಅಗಲ ಎರಡು. ದಪ್ಪ ಒಂದೇ ಒಂದು.
ಟೇಪು ಹಿಡಿದು ನೋಡಿದೆ. ಇನ್ನೊಮ್ಮೆ ನೋಡಿದೆ.
ಇಷ್ಟೇನಾ!
ಸಂತೆ ಚೀಲದಷ್ಟು ಇರತ್ತೆ ಅಂದುಕೊಂಡಿದ್ದೆ.
ಊರಿನ ಬೈಗುಳವನ್ನೆಲ್ಲ ತಿಂದದ್ದು
ಬೋರಲು ಹಾಕಿದ ಒಂದು ಬೇರಿಕಾಯಿ.

ಹೊರಗೆ ಗುಲಾಬಿ ಪಾಪ್ಲಿನ್,
ನಡುವೆ ಸ್ನಾಯುವಿಗೆ ಕೋರಾ ಬಟ್ಟೆ ಮೂರು ಪದರ,
ಒಳಗೆ ಕೆಂಪು ಸ್ಯಾಟಿನ್ ಲೈನಿಂಗು.
"ಲೈನಿಂಗ್ ಗಟ್ಟಿ ಹೊಲೀಬೇಡ, ಕಚ್ಚಾ ಹಾಕು ಸಾಕು,
ತಿಂಗಳಿಗೊಂದ್ಸಲ ಬಿಚ್ಚಿ ಹೋಗೋದು ಅದೇ."
ಮೂರು ಮೂರು ದಿನ ಹೊರಗೆ ಕೂತೆನಲ್ಲ,
ಮೈಲಿಗೆ ಅಂದಿದ್ದರು,
ಲೈನಿಂಗು ಅಂತ ಒಬ್ಬರೂ ಹೇಳಿರಲಿಲ್ಲ.

ನಾಲ್ಕಿಂಚಿನ ನಳಿಕೆ ಎರಡು.
ಲಂಗದ ಲಾಡಿ ಹೊಲಿದ ಹಾಗೆ ಹೊಲಿದು
ಪಿನ್ನು ಹಾಕಿ ಒಳಮೈ ತಿರುಗಿಸಿದೆ.
ತುದಿಗೆ ಕುಚ್ಚು, ಮದುವೆ ಸೆರಗಿಗೆ ಕಟ್ಟುವಂಥದೇ.
ಕುಚ್ಚನ್ನು ಅಂಡಾಶಯಕ್ಕೆ ಸೇರಿಸಲು ಹೋದೆ.
"ಬೇಡ ಬೇಡ, ಅಂಟಿರಲ್ಲ ಅವು, ಪಕ್ಕದಲ್ಲಿ ತೂಗಾಡ್ತಿರತ್ತೆ,
ತತ್ತಿ ಈಚೆ ಬಂದಾಗ ಬಾಚ್ಕೊಳತ್ತೆ."
ಬಾಚುವಾಗ ತಪ್ಪಿದರೆ?
"ಒಂದೊಂದ್ಸಲ ತಪ್ಪತ್ತೆ."
ಇಷ್ಟು ಸಡಿಲು ಹೊಲಿಗೆಯಿಂದ
ಅರಸೀಕೆರೆಯ ಅಷ್ಟೂ ಜನ ಇಳಿದು ಬಂದಿದ್ದಾರೆ.

ಚಾರ್ಟಿನ ಕೆಳಚಿತ್ರದಲ್ಲಿ, ಎರಡು ಮಡಿಕೆ ಕೂಡುವಲ್ಲಿ,
ಒಂದು ಚುಕ್ಕೆ. ಗೆರೆ ಎಳೆದಿದ್ದರು, ಹೆಸರು ಬರೆದಿರಲಿಲ್ಲ.
ಇದೇನು ಅಂದೆ.
ಸಿಸ್ಟರ್ ಶಟರಿನ ಕಡೆ ನೋಡಿ, "ಭಗಾಂಕುರ" ಅಂದಳು.
ಕೆಲಸ?
"ಕೆಲಸ ಏನಿಲ್ಲ. ಸುಖಕ್ಕೆ."
ಡಬ್ಬಿ ತಡಕಿ, ಇದ್ದುದರಲ್ಲಿ ಒಳ್ಳೆಯ ಮುತ್ತಿನ ಮಣಿ ಆರಿಸಿ
ಎರಡು ಸುತ್ತು ದಾರ ಹಾಕಿ ಗಂಟು ಹೊಡೆದೆ.

ಉಳಿದದ್ದು ಬಾದಾಮಿ ಗಾತ್ರದ ಎರಡು ಅಂಡಾಶಯ.
ಹತ್ತಿ ತುಂಬುತ್ತ ಕೇಳಿದೆ:
ನನ್ನದು ತೆಗೆದರಲ್ಲ ಮೂವತ್ತನಾಲ್ಕಕ್ಕೆ,
ಇವನ್ನು ಬಿಟ್ಟಿದ್ದಾರಾ?

ಬಿಳಿ ಹೋಗುತ್ತಿತ್ತು, ಸೊಂಟ ನೋಯುತ್ತಿತ್ತು, ಅಷ್ಟೇ.
"ಇಟ್ಕೊಂಡ್ರೆ ಕ್ಯಾನ್ಸರು" ಅಂದರು ನರ್ಸಿಂಗ್ ಹೋಮಿನಲ್ಲಿ.
ಸೀಮೆಹಸು ಮಾರಿದ್ದಾಯಿತು.
ಸ್ಟೀಲ್ ತಟ್ಟೆಯಲ್ಲಿಟ್ಟು ತಿಪ್ಪೇಶನಿಗೆ ತೋರಿಸಿದರಂತೆ,
ನನಗೆ ತೋರಿಸಲಿಲ್ಲ.
ಅವನೂ ಹೇಳಲಿಲ್ಲ, ಎಷ್ಟು ಇತ್ತು, ಹೇಗಿತ್ತು.
ಒಂದು ವಾರ ಬೀಟ್‌ರೂಟ್ ಪಲ್ಯ ಮುಟ್ಟಲಿಲ್ಲ.
ಆ ವರ್ಷದ ಚಳಿಗಾಲದಲ್ಲೂ
ನಡುರಾತ್ರಿ ಎದ್ದು ಬೆವರು ಒರೆಸಿಕೊಳ್ಳುತ್ತಿದ್ದೆ.

ಬಾಬಿನ್ನುಗಳ ಕೆಳಗೆ, ಮಿಷನ್ನಿನ ಡ್ರಾದಲ್ಲಿ,
ಡಿಸ್ಚಾರ್ಜಿನ ಕಾಗದ ಇತ್ತು. ಕೊಟ್ಟೆ.
ಸಿಸ್ಟರ್ ಓದಿದಳು. ಮಡಿಸಿದಳು.
ಮತ್ತೆ ಬಿಡಿಸಿ ಓದಿದಳು.
ಮೈಸೂರಿನ ಗಾಡಿ ಹೋಗುವವರೆಗೆ ಸುಮ್ಮನಿದ್ದು
"ಎರಡೂ" ಅಂದಳು.

ಸೂಜಿಗೆ ದಾರ ಪೋಣಿಸಿದೆ. ಹೋಗಲಿಲ್ಲ.
ಎಂಜಲು ಮಾಡಿ ಪೋಣಿಸಿದೆ.

ಬಿಡಿಸಿ ತೋರಿಸಲು ಬೇಕು ಅಂತ
ಎಲ್ಲಕ್ಕೂ ಪ್ರೆಸ್ ಬಟನ್ ಇಟ್ಟೆ.
ತೆಗೆದರೆ ಟಕ್. ಹಾಕಿದರೆ ಟಕ್.
ಹಾಕಿದೆ, ತೆಗೆದೆ, ಹಾಕಿದೆ.
ಪಕ್ಕದಲ್ಲಿ ಮಾರ್ಜಿನ್ ಎಷ್ಟು ಬಿಡಲಿ ಅಂದೆ,
ಒಂಬತ್ತು ತಿಂಗಳಿಗೆ ಬಿಚ್ಚಬೇಕಲ್ಲ.
ಸಿಸ್ಟರ್ ನಕ್ಕಳು, ಕಣ್ಣು ಒರೆಸಿಕೊಂಡಳು,
ನಾಳೆ ಬಂದು ಒಯ್ಯುತ್ತೇನೆ ಅಂದು ಹೋದಳು.

ಸಂಜೆ ಮೇಷ್ಟ್ರ ಹೆಂಡತಿ ಬಂದರು.
ಮೇಜಿನ ಮೇಲಿದ್ದುದನ್ನು ನೋಡಿ
"ಯಾರದೇ ಇದು?" ಅಂದರು.

ನಂದೇ, ಅಂದೆ.
ಅಳತೆಗೆ ಇಟ್ಟಿದೀನಿ.