ನಾಲ್ಕನೆಯ ಕಣಜ

ನೀರಾಗಿದ್ದರೆ ಲೆಕ್ಕ ಸುಲಭವಿತ್ತು.
ಇಳಿದಷ್ಟೂ ಭಾರ, ತಳಕ್ಕೆ ಎಲ್ಲಕ್ಕಿಂತ ಹೆಚ್ಚು,
ಕೆರೆಯಲ್ಲಿ ಮುಳುಗು ಹಾಕಿದ ಹುಡುಗರಿಗೂ ಗೊತ್ತು.
ಗೋಧಿ ನೀರಲ್ಲ.
ಸುರಿದರೆ ನೀರಿನಂತೆ ಹರಿಯುತ್ತದೆ,
ಬಿದ್ದಲ್ಲಿ ಗುಡ್ಡದಂತೆ ಕೂರುತ್ತದೆ,
ಒಳಗೆ ಏನು ನಡೆದಿದೆಯೆಂದು
ಯಾರ ಬಳಿಯೂ ಬಾಯಿಬಿಡುವುದಿಲ್ಲ.

ಕೊಸ್ತನಾಯ್ ದಾಟಿ ಉತ್ತರಕ್ಕೆ, ಹಳಿ ಮುಗಿಯುವಲ್ಲಿ,
ಸ್ಟೆಪ್ಪಿಯ ನಡುವೆ ಆರು ಕಾಂಕ್ರೀಟ್ ಕಣಜ.
ಅಷ್ಟು ಚಪ್ಪಟೆ ನೆಲ, ಅರ್ಧ ದಿನದ ದಾರಿಯಿಂದಲೇ ಕಾಣುತ್ತವೆ,
ಎಷ್ಟು ಹೋದರೂ ಹತ್ತಿರವಾಗುವುದಿಲ್ಲ.
ನಾನು ಅಲ್ಮಾಟಿಯಿಂದ ಬಂದವನು, ಒತ್ತಡ ಅಳೆಯುವವನು.
ನಾಲ್ಕನೆಯದರ ಗೋಡೆಗೆ ಹನ್ನೆರಡು ಮಾಪಕ ಕೂರಿಸಿ
ತಂತಿ ಎಳೆದು ಕೂತಿದ್ದೆ.
ಕುಲ್ಯಾಶ್ ಆಪಾಳ ಕೈಯಲ್ಲಿ ಒಂದು ಮರದ ಸುತ್ತಿಗೆ.
ಟೊಕ್ಕೆಂದು ಬಡಿಯುವಳು, ಕಿವಿ ಒತ್ತುವಳು,
ಎರಡು ಹೆಜ್ಜೆ ಸರಿದು ಮತ್ತೆ ಟೊಕ್.
ಗೋಡೆಗೆ ಕಿವಿಯಿದೆ ಎನ್ನುತ್ತಾರಲ್ಲ,
ಈಕೆ ತನ್ನದನ್ನೇ ಕೊಟ್ಟಿದ್ದಳು.

ಹತ್ತು ಮೀಟರ್ ತುಂಬುವವರೆಗೆ ಮುಳ್ಳು ಏರಿತು,
ಆಮೇಲೆ ಏರುವುದನ್ನೇ ಬಿಟ್ಟಿತು.
ಮೇಲಿನಿಂದ ಲಾರಿ ಲಾರಿ ಸುರಿದರೂ ತಳಕ್ಕೆ ಸುದ್ದಿಯಿಲ್ಲ.
ಕಾಳು ಪಕ್ಕದ ಕಾಳಿಗೆ ಒರಗಿ, ಅದು ಇನ್ನೊಂದಕ್ಕೆ,
ಕಡೆಯದು ಗೋಡೆಗೆ ಬೆನ್ನು ಉಜ್ಜಿ
ಹೊರೆಯನ್ನು ಅಲ್ಲೇ ಇಳಿಸಿ ಸುಮ್ಮನಾಗುತ್ತದೆ.
ತಳ ಹೊತ್ತದ್ದು ಕೊಳಗ, ಗೋಡೆ ಹೊತ್ತದ್ದು ಖಂಡುಗ.
'ಇದನ್ನು ತಿಳಿಯಲು ಇಷ್ಟು ತಂತಿ ಬೇಕಾಯಿತೇ?'
ಆಪಾ ಕೇಳಿದಳು, ನಗದೆ.

ಮಧ್ಯಾಹ್ನ ಕೆಳಗಿನ ಬಾಗಿಲು ತೆರೆದರು.
ಮುಳ್ಳು ಜಿಗಿಯಿತು, ಎರಡು ಪಟ್ಟು.
ಕೂತ ಗೋಧಿಗಿಂತ ಎದ್ದ ಗೋಧಿ ಕೆಟ್ಟದ್ದು.
ಕಣಜ ಒಳಗೊಳಗೇ ಹೂಂಗುಟ್ಟಿತು,
ನನ್ನ ಚಹಾದ ಮೇಲೆ ಸಣ್ಣ ಸಣ್ಣ ಬಳೆ ಎದ್ದವು.
ರೈಮರ್ ಓಡಿ ಬಂದ. ನಲವತ್ತು ವ್ಯಾಗನ್ ಕಾದಿವೆ,
ಪಕ್ಕದ ಬಾಗಿಲನ್ನೂ ತೆಗೆಯಿರಿ.
ಆಪಾ ಚಕ್ರದ ಮೇಲೆ ಕೂತುಬಿಟ್ಟಳು.
ಒಂದೇ ಮಗ್ಗುಲಿಗೆ ಹರಿದರೆ
ದುಂಡು ಗೋಡೆ ಸೊಟ್ಟಗಾಗುತ್ತದೆ, ಸೊಟ್ಟಗಾದದ್ದು ನಿಲ್ಲುವುದಿಲ್ಲ.
ಅವನು ಸೇದಬಾರದ ಜಾಗದಲ್ಲಿ ಸಿಗರೇಟು ತೆಗೆದ,
ಹಚ್ಚಲಿಲ್ಲ,
ಕಿವಿಯ ಮೇಲೆ ಸಿಕ್ಕಿಸಿಕೊಂಡು ಹೋದ.

ರಾತ್ರಿ ಆಪಾ ಹೇಳಿದ್ದು:
'ಕೆಂಜೆಬೆಕ್, ನನ್ನ ತಮ್ಮ. ಇದೇ ಕಣಜ.
ಮೇಲೆ ಗೋಧಿ ಮುಗ್ಗಿ ಹೆಪ್ಪುಗಟ್ಟಿತ್ತು, ರೊಟ್ಟಿಯ ಹಾಗೆ,
ಒಡೆಯಲು ಕೋಲು ಹಿಡಿದು ಅದರ ಮೇಲೆ ನಡೆದ.
ನಾನು ಕೆಳಗೆ, ಬಾಗಿಲ ಬಳಿ.
ಮೊಣಕಾಲಿಗೆ ಬಂದಾಗ ನಕ್ಕನಂತೆ,
ಎದೆಗೆ ಬಂದಾಗ ನನ್ನ ಹೆಸರು ಕೂಗಿದನಂತೆ.
ಕೇಳಲಿಲ್ಲ. ಬೆಲ್ಟಿನ ಮೇಲೆ ಗೋಧಿ ಹೋಗುತ್ತಲೇ ಇತ್ತು,
ಅದರ ನಡುವೆ ಒಂದು ಬೂಟು ಬಂತು.
ಲೇಸು ಕಟ್ಟಿಯೇ ಇತ್ತು.'

ನಡು ಕೊಳವೆಯಲ್ಲಿ ಹಾಗೆ, ನನಗೆ ಗೊತ್ತು:
ಮೇಲೆ ಬಿದ್ದದ್ದು ಮೊದಲು ಹೋಗುತ್ತದೆ,
ಅಂಚಿನದು ಕದಲುವುದಿಲ್ಲ.
ಹಾಳೆಯಲ್ಲಿ ಚಿತ್ರ ಬರೆದು ಎಷ್ಟೋ ಮಂದಿಗೆ ವಿವರಿಸಿದವನು
ಆ ಹೊತ್ತು ಚಮಚ ತಿರುಗಿಸುತ್ತಾ ಇದ್ದೆ.
'ಬದುಕಿದ,' ಎಂದಳು. 'ಸೊಂಟದ ಹಗ್ಗ ಹಿಡಿದಿತ್ತು.
ನಾಲ್ಕು ಜನ ಎಳೆದರೂ ಬರಲಿಲ್ಲ.
ಸುತ್ತ ಹಲಗೆ ಇಳಿಸಿ, ಬಕೆಟ್ಟಿನಲ್ಲಿ ಮೊಗೆದು ಮೊಗೆದು ತೆಗೆದರು.
ಈಗ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಾನೆ.
ಗಟ್ಟಿ ಅಪ್ಪಿಕೊಂಡರೆ ಬೈಯುತ್ತಾನೆ.'

ಬೆಳಗಿನ ಜಾವಕ್ಕೆ ವ್ಯಾಗನ್‌ಗಳು ತುಂಬಿದವು.
ಕಡೆಗೆ ಬಂದದ್ದು ಗೋಡೆ ಬದಿಯ ಗೋಧಿ,
ಬೂದು ಬಣ್ಣ, ಎರಡು ಸುಗ್ಗಿಯ ಹಿಂದಿನದು.
ಆಪಾ ಒಂದು ಕಾಳು ಕಚ್ಚಿ, ಉಗಿದು,
ಮರದ ಸುತ್ತಿಗೆಯಿಂದ ಬರಿದಾದ ಗೋಡೆಗೆ ಬಡಿದಳು.
ಟೊಕ್ ಎನ್ನಲಿಲ್ಲ. ಬಹಳ ಹೊತ್ತು ಬೇರೇನೋ ಅಂದಿತು.
ತಲೆಯಾಡಿಸಿ ಐದನೆಯದಕ್ಕೆ ಹೊರಟಳು.
ನಾನು ತಂತಿ ಸುತ್ತುತ್ತಾ ಉಳಿದೆ.